ಯಾವ ಕೋರ್ಸ್ ತಗೊಂಡ್ರೆ ಕೆಲಸ ಗ್ಯಾರಂಟಿ?

ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ರಿಸಲ್ಟ್ ಬಂದ ದಿನದಿಂದ ಸಿಇಟಿಯಲ್ಲಿ ಕೋರ್ಸು, ಕಾಲೇಜು ಆರಿಸಿ ತುಂಬುವ ಆಪ್ಷನ್ ಎಂಟ್ರಿ ಮುಗಿಯುವವರೆಗೂ ಒಂದೇ ಪ್ರಶ್ನೆ. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. 'ಮೇಷ್ಟ್ರೇ, ಯಾವ ಕೋರ್ಸ್ ತಗೊಂಡ್ರೆ ಕೆಲಸ ಗ್ಯಾರಂಟಿ?'

ಯಾವುದೂ ಇಲ್ಲ. ಇದೇ ನನ್ನ ಉತ್ತರ.

ಹೀಗೆ ಹೇಳಿದರೆ ಮುಖ ಸಣ್ಣದಾಗುತ್ತದೆ. 'ಹಂಗಲ್ಲ ಮೇಷ್ಟ್ರೇ, ನಿಮಗೆ ಗೊತ್ತಿರುತ್ತೆ' ಅಂತಾರೆ. ನಾನೇನೋ ಗುಟ್ಟು ಬಚ್ಚಿಟ್ಟುಕೊಂಡಿದ್ದೇನೆ ಅನ್ನೋ ಹಾಗೆ. ಈಗ ಸೇರುವ ಮಗು ಹೊರಗೆ ಬರೋದು ಮೂರೋ ನಾಲ್ಕೋ ವರ್ಷ ಕಳೆದ ಮೇಲೆ. ಆಗ ಎಷ್ಟು ಜನರನ್ನು ತಗೋತೀವಿ ಅಂತ ಕಂಪನಿಯವರಿಗೇ ಗೊತ್ತಿಲ್ಲ. ನನಗೆ ಹೇಗೆ ಗೊತ್ತಿರಬೇಕು?

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. 2023ರಲ್ಲಿ ಶುಂಠಿಗೆ ಎಂಥಾ ರೇಟ್ ಬಂತು, ನೆನಪಿದೆ ಅಲ್ವಾ? ಅದನ್ನು ನೋಡಿದವರೆಲ್ಲ ಶುಂಠಿ ಹಾಕಿದರು. ಮಾಲು ಬರುವ ಹೊತ್ತಿಗೆ ರೇಟ್ ಬಿದ್ದುಹೋಗಿತ್ತು. ಕಂಪ್ಯೂಟರ್ ಸೈನ್ಸ್‌ನಲ್ಲೂ ಈಗ ಅದೇ ನಡೀತಿದೆ. ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಇದ್ದ ಸೀಟಿನ ಮಿತಿಯನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡುವ ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಸೀಟು ಹೆಚ್ಚಿದವು. ಆದರೆ 2025ರ ಜುಲೈನಲ್ಲಿ ದೊಡ್ಡ ಐಟಿ ಕಂಪನಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ಇಷ್ಟಪಟ್ಟು ಓದುವವರು ಖಂಡಿತ ಓದಲಿ. ಗ್ಯಾರಂಟಿ ಅಂದುಕೊಂಡು ಮಾತ್ರ ಸೇರಿಸಬೇಡಿ.

ಪ್ರಶ್ನೆ ಕೇಳುವ ರೀತಿ ನೋಡಿದರೆ ನನಗೆ ಇನ್ನೂ ಜಾಸ್ತಿ ಸಿಟ್ಟು ಬರುತ್ತದೆ. ಓದಬೇಕಾದ ಮಗು ಪಕ್ಕದಲ್ಲೇ ನಿಂತಿರುತ್ತದೆ. ಅದನ್ನು ಯಾರೂ ಮಾತಾಡಿಸುವುದಿಲ್ಲ.

ಒಮ್ಮೆ ಅರಕಲಗೂಡು ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಮಾತಾಡಿ ಆಗಿತ್ತು. ಒಂದಷ್ಟು ಬ್ಯಾಂಕ್ ಲೋನ್, ಉಳಿದದ್ದಕ್ಕೆ ಜಮೀನು ಮಾರೋದು. 'ಕಂಪ್ಯೂಟರ್ ಸೈನ್ಸೋ, ಎಐ ಅಂತಾರಲ್ಲ ಅದೋ? ಯಾವುದಕ್ಕೆ ಸ್ಕೋಪ್ ಜಾಸ್ತಿ ಮೇಷ್ಟ್ರೇ?'

ನಾನು ಹುಡುಗಿ ಕಡೆ ತಿರುಗಿ, 'ನಿನಗೇನಮ್ಮಾ ಇಷ್ಟ?' ಅಂದೆ.

'ಅವಳಿಗೇನು ಗೊತ್ತಾಗುತ್ತೆ, ಬಿಡಿ' ಅಂದರು ಅಪ್ಪ.

'ಓದೋದು ಅವಳು ತಾನೇ?' ಅಂತ ನಾನು ಜೋರಾಗಿಯೇ ಕೇಳಿದೆ. ನನ್ನ ಹೆಂಡತಿ ಒಳಗಿಂದ ಓಡಿ ಬಂದು, ಎಲ್ಲರ ಕೈಗೂ ಕಾಫಿ ಲೋಟ ಕೊಟ್ಟು ಹೋದಳು. ಎಲ್ಲರೂ ಕಾಫಿ ಕುಡಿದೆವು.

ಆಗ ಆ ಹುಡುಗಿ ಬಾಯಿ ಬಿಟ್ಟಳು. 'ಸರ್, ಓದು ಮುಗಿದು ಎರಡು ವರ್ಷ ಕೆಲಸ ಸಿಗ್ಲಿಲ್ಲ ಅಂದ್ರೆ ಲೋನ್ ಯಾರು ಕಟ್ತಾರೆ ಅಂತ ಅಪ್ಪನ್ನ ಕೇಳಿ.'

ಎಲ್ಲ ಅಪ್ಪ ಅಮ್ಮಂದಿರೂ ಈ ಪ್ರಶ್ನೆ ಕೇಳಲಿ ಅಂತ ನಾನು ಕಾಯುತ್ತಿದ್ದೇನೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿಯೊಂದಿದೆ. 2021-22ರ ಲೆಕ್ಕ ಅದು. ದುಡಿಯಲು ತಯಾರಿದ್ದ 25 ವರ್ಷದೊಳಗಿನ ಪದವೀಧರರಲ್ಲಿ ನೂರಕ್ಕೆ 42 ಮಂದಿಗೆ ಕೆಲಸ ಇರಲಿಲ್ಲ. 35 ದಾಟಿದವರಲ್ಲಿ ನೂರಕ್ಕೆ ಐದು ಮಂದಿಯೂ ಹಾಗಿರಲಿಲ್ಲ. ಓದಿಗೆ ತಕ್ಕದ್ದೋ ಅಲ್ಲವೋ, ಅಷ್ಟು ಹೊತ್ತಿಗೆ ಏನೋ ಒಂದು ಕೆಲಸ ಹಿಡಿದಿರುತ್ತಾರೆ. ಕಷ್ಟ ಇರೋದು ಮಧ್ಯದ ವರ್ಷಗಳಲ್ಲಿ. ಬ್ಯಾಂಕಿನವರು ಅಲ್ಲಿಯವರೆಗೆ ಕಾಯುವುದಿಲ್ಲ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷಕ್ಕೆ ಶುರುವಾಗುತ್ತದೆ. ರಾಜ್ಯ ಸರ್ಕಾರದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತಾರೆ. ಅದೂ ಪಾಸಾಗಿ ಆರು ತಿಂಗಳು ಕಳೆದ ಮೇಲೆ, ಹೆಚ್ಚೆಂದರೆ ಎರಡು ವರ್ಷ. ಬೆಂಗಳೂರಿನ ಪಿಜಿ ಬಾಡಿಗೆಗೂ ಅದು ಸಾಲದು.

ಹಾಗಾಗಿ ನಿಮ್ಮ ಮನೆ ಎಷ್ಟು ವರ್ಷ ಕಾಯಬಲ್ಲದು ಅಂತ ಮೊದಲು ಲೆಕ್ಕ ಹಾಕಿ. ಕೋರ್ಸ್ ವಿಷಯ ಆಮೇಲೆ. ಕಾಯುವ ಶಕ್ತಿ ಇಲ್ಲದವರು ಸಾಲ ಕಡಿಮೆ ಇರುವ ದಾರಿ ನೋಡಿ. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿಗೆ ಸುತ್ತಲಿನ ಊರಿನ ಮಕ್ಕಳು ಮನೆಯಿಂದಲೇ ಓಡಾಡಬಹುದು. ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ರೈತರ ಮಕ್ಕಳಿಗೆ ಬಿಎಸ್ಸಿ ಕೃಷಿಯಲ್ಲಿ ಬೇರೆ ಕೋಟಾ ಇದೆ, ಕಾಲೇಜು ಇಲ್ಲೇ ಕಾರೇಕೆರೆಯಲ್ಲಿದೆ. ಅರಕಲಗೂಡಿನ ಆ ರೈತರು ಸೀಟಿಗಾಗಿ ಮಾರಲು ಹೊರಟಿದ್ದರಲ್ಲ, ಆ ಜಮೀನಿನ ಮೇಲೇ ಈ ಕೋಟಾಕ್ಕೆ ಅರ್ಜಿ ಹಾಕಬಹುದು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕೃಷಿ ಓದಿದರೂ ಕೆಲಸದ ಗ್ಯಾರಂಟಿ ಇಲ್ಲ, ಮನಸ್ಸಿಲ್ಲದ ಮಗುವನ್ನು ಅಲ್ಲಿಗೂ ತಳ್ಳಬೇಡಿ. ಆದರೆ ಕೆಲಸ ತಡವಾದರೂ ತಲೆ ಮೇಲೆ ದೊಡ್ಡ ಸಾಲ ಇರುವುದಿಲ್ಲ.

ಆ ಹುಡುಗಿ ಕೊನೆಗೆ ಏನು ಸೇರಿದಳು ಅಂತ ಬರೆಯುವುದಿಲ್ಲ. ಬರೆದರೆ ನಾಳೆ ನಿಮ್ಮ ಮಗಳನ್ನೂ ಅಲ್ಲಿಗೇ ಸೇರಿಸಿಬಿಡುತ್ತೀರಿ. ಜಮೀನು ಉಳೀತು. ಅಷ್ಟು ಹೇಳಬಲ್ಲೆ.

ಈ ವರ್ಷ ಬರುವವರು ಆಪ್ಷನ್ ಎಂಟ್ರಿಗೆ ಮುಂಚೆಯೇ ಬನ್ನಿ, ಕೊನೇ ದಿನ ಫೋನ್ ಮಾಡಬೇಡಿ. ಕಾಲೇಜುಗಳ ಫೀಸಿನ ಪಟ್ಟಿ ತನ್ನಿ. ಲೋನ್ ತಗೊಳ್ಳೋ ಹಾಗಿದ್ದರೆ ತಿಂಗಳ ಕಂತು ಎಷ್ಟು ಅಂತ ಬ್ಯಾಂಕಿನಲ್ಲಿ ಬರೆಸಿಕೊಂಡು ಬನ್ನಿ. ಮಗುವನ್ನೂ ಕರೆದುಕೊಂಡು ಬನ್ನಿ, ನಾನು ಮೊದಲು ಮಾತಾಡುವುದು ಅದರ ಜೊತೆ.