ಗಂಜಲದ ಗಾಟು

ದೀಪಾವಳಿಗೆ ಒಂದು ವಾರ ಮುಂಚೆ ಎರಡು ಹೊಸ ಸಿಗಾರ್ ಡಬ್ಬಿಗೆ ಹಾಕಿಕೊಂಡು ಮೈಸೂರಿನಿಂದ ಹುಣಸೂರಿನ ಕಡೆ ಹೊರಟೆ. ದುಬೈನಲ್ಲಿರುವ ಗೆಳೆಯ ತಂದುಕೊಟ್ಟಿದ್ದ. ಎರಡೂ ನಿಕರಾಗುವಾ ದೇಶದವು, ಇದೇ ವರ್ಷ ಬಿಡುಗಡೆಯಾದವು. ನಾನು ವರ್ಷಕ್ಕೆ ನಾಲ್ಕೈದು ಸೇದುವವನು, ಸೇದಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತೇನೆ. ಈ ಸಲ ಮೊದಲು ಮಾವನ ಕೈಗೆ ಕೊಡಬೇಕು ಅನ್ನಿಸಿತ್ತು.

ಮಾವ ಮೂವತ್ತು ವರ್ಷದಿಂದ ಹೊಗೆಸೊಪ್ಪು ಬೆಳೆಯುತ್ತಿದ್ದಾರೆ. ಬೀಡಿ, ಸಿಗರೇಟು ಬಾಯಿಗಿಟ್ಟವರಲ್ಲ. ಆದರೆ ಎಲೆ ಮುಟ್ಟಿದರೆ ಸಾಕು, ಗ್ರೇಡ್ ಹೇಳಿಬಿಡುತ್ತಾರೆ. ಕಟ್ಟೆಮಳಲವಾಡಿ ಹರಾಜಿಗೆ ಬೇಲ್ ಕಟ್ಟುವ ಕಾಲ. ಜಗುಲಿ ತುಂಬ ಹಳದಿ ಸೊಪ್ಪು.

ಮೊದಲನೆಯದು ತಿಳಿ ಕಂದು, ಐದು ಇಂಚು ಉದ್ದ. ಮಾವ ಅದನ್ನು ಹೆಬ್ಬೆರಳು, ತೋರುಬೆರಳ ನಡುವೆ ತುದಿಯಿಂದ ತುದಿಗೆ ಮೆಲ್ಲಗೆ ಒತ್ತುತ್ತಾ ಹೋದರು. ನಡುವೆ ಒಂದು ಕಡೆ ನಿಂತರು.

“ಇಲ್ಲಿ ಗಂಟೈತೆ ಕಣೋ ಅಳಿಯ.”

ಆಮೇಲೆ ಮೂಗಿನ ಹತ್ತಿರ ಹಿಡಿದರು. “ಸೊಪ್ಪು ಒಳ್ಳೇದೇ. ಆದ್ರೆ ಗಂಜಲದ ಗಾಟು ಇನ್ನೂ ಹೋಗಿಲ್ಲ.”

ನನಗೆ ಮೈ ಜುಮ್ಮೆಂದಿತು. ಅವರು ಹೇಳಿದ್ದು ಅಮೋನಿಯಾ. ಮಾವನ ಸೊಪ್ಪು ಬ್ಯಾರನ್ ಅನ್ನುವ ಒಣಗಿಸುವ ಮನೆಯಲ್ಲಿ ಬಿಸಿಗಾಳಿಗೆ ಒಂದು ವಾರದೊಳಗೆ ಹದವಾಗುತ್ತದೆ. ಸಿಗಾರ್ ಎಲೆ ಹಾಗಲ್ಲ. ನೆರಳಲ್ಲಿ ವಾರಗಟ್ಟಲೆ ಗಾಳಿಗೆ ಒಣಗಬೇಕು. ಆಮೇಲೆ ರಾಶಿ ಹಾಕಿ ಹುದುಗಿಸಬೇಕು. ರಾಶಿಯೊಳಗೆ ಕಾವು ಏರಿ ಅಮೋನಿಯಾ ಹೊರಹೋಗುತ್ತದೆ. ಅದಾದ ಮೇಲೂ ಕೆಲವು ವರ್ಷ ಇಟ್ಟರೆ ರುಚಿ ಮೆತ್ತಗಾಗುತ್ತದೆ. ಅವಸರದಲ್ಲಿ ಹೊರಬಂದ ಸಿಗಾರ್‌ನಲ್ಲಿ ಈ ಗಾಟು ಉಳಿದಿರುತ್ತದೆ.

ತುದಿ ಕತ್ತರಿಸಿ, ಹಚ್ಚದೆಯೇ ಒಮ್ಮೆ ಎಳೆದು ನೋಡಿದೆ. ಒಣಹುಲ್ಲಿನ ರುಚಿ, ಚೆನ್ನಾಗಿತ್ತು. ಕಡ್ಡಿ ಗೀರಿ ಹಚ್ಚಿದೆ. ಹೊಗೆ ಬಾಯಲ್ಲಿ ಮಾತ್ರ, ಎದೆಗೆ ಎಳೆಯುವುದಿಲ್ಲ. ಮೊದಲು ಮೆಣಸಿನ ಖಾರ, ಹಿಂದೆಯೇ ಮೂಗಿಗೆ ಚುರುಕ್ ಅನ್ನುವ ಗಾಟು. ಅರ್ಧಕ್ಕೆ ಬರುವಷ್ಟರಲ್ಲಿ ಎಳೆತ ಬಿಗಿಯಾಯಿತು. ಒಂದು ಪಕ್ಕ ಮಾತ್ರ ಉರಿಯತೊಡಗಿತು. ಸರಿಯಾಗಿ ಮಾವ ತೋರಿಸಿದ ಜಾಗದಲ್ಲೇ. ಇಷ್ಟು ಬೆಲೆಯ ಸಿಗಾರ್‌ನಲ್ಲಿ ಇದು ಆಗಲೇಬಾರದು. ಅಲ್ಲಿಗೇ ಆರಲು ಬಿಟ್ಟೆ. ತಲೆ ಸ್ವಲ್ಪ ತಿರುಗಿತು. ಅತ್ತೆ ಒಂದು ಚೂರು ಬೆಲ್ಲ, ನೀರು ತಂದುಕೊಟ್ಟರು.

ಎರಡನೆಯದು ಕಪ್ಪು ಕಂದು. ಮಾವ ಒತ್ತಿದರು, ಮೂಸಿದರು. ಜಾಸ್ತಿ ಹೊತ್ತು ಮೂಸಿದರು. “ಇದು ಆಗೈತೆ,” ಅಂದರು, ಅಷ್ಟೇ. ಊಟವಾಗಿ ಎರಡು ಗಂಟೆ ಬಿಟ್ಟು ಹಚ್ಚಿದೆ. ಹುರಿದ ಕಾಫಿ ಬೀಜ, ಒಣದ್ರಾಕ್ಷಿ. ಬೂದಿ ಒಂದು ಇಂಚಿನಷ್ಟು ಉದುರದೆ ನಿಂತಿತು, ಉರಿ ಸುತ್ತಲೂ ಒಂದೇ ಸಮ. ಕೊನೆಯವರೆಗೂ ಕಹಿ ಬರಲಿಲ್ಲ. ಈ ವರ್ಷ ಸೇದಿದ್ದರಲ್ಲಿ ಇದೇ ಮೇಲು.

ಅಷ್ಟರಲ್ಲಿ ಮಾವ ಆರಿದ ಮೊದಲನೆಯ ಸಿಗಾರ್ ತೆಗೆದುಕೊಂಡು, ಮೇಲಿನ ಎಲೆಯನ್ನು ಉಗುರಿನಿಂದ ಬಿಡಿಸುತ್ತಾ ಕೂತಿದ್ದರು. ಒಳಗೆ ಸುತ್ತಿದ ಎಲೆ, ಅದರೊಳಗೆ ಮಡಚಿದ ಎಲೆಗಳು. ಅವುಗಳ ನಡುವೆ ಕಿರುಬೆರಳಿನಷ್ಟು ಉದ್ದದ ನಡುನಾರು, ಕಡ್ಡಿಯ ಹಾಗೆ ಗಟ್ಟಿ. ಸುತ್ತುವವರು ತೆಗೆಯದೆ ಬಿಟ್ಟಿದ್ದು.

ಮಾವ ಆ ಕಡ್ಡಿಯನ್ನು ನನ್ನ ಅಂಗೈಗೆ ಹಾಕಿದರು. ಮೇಲಿನ ಎಲೆಯನ್ನು ಮಾತ್ರ ತೊಡೆಯ ಮೇಲೆ ಹರಡಿ, ಸುಕ್ಕನ್ನೆಲ್ಲ ಹೆಬ್ಬೆರಳಿನಿಂದ ನಿಧಾನವಾಗಿ ನೀವತೊಡಗಿದರು.