ಅನಂಗನಿಗೆ ಭುಜವೆಲ್ಲಿಂದ ಬಂತು?

ಅನುವಾದದ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಕ್ಕಳ ಪುರಾಣಮಾಲೆಯೊಂದಕ್ಕಾಗಿ ಕ್ಯುಪಿಡ್ ಮತ್ತು ಸೈಕಿಯ ಕತೆಯನ್ನು ಕನ್ನಡಕ್ಕೆ ತರುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಇಂದಿನ ಅಲ್ಜೀರಿಯಾಕ್ಕೆ ಸೇರಿದ ಮದೌರೋಸ್‌ನಲ್ಲಿ ಹುಟ್ಟಿದ ಅಪುಲೇಯಸ್, ಕ್ರಿ.ಶ. 2ನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಕತೆಯಿದು. ಬಿಲ್ಲುಬಾಣ ಹಿಡಿದ ಪ್ರೇಮದೇವತೆಗೆ ಮನ್ಮಥನೆಂಬುದಕ್ಕಿಂತ ಹತ್ತಿರದ ಹೆಸರು ಯಾವುದಿದೆ ಎಂದುಕೊಂಡು, ಕರಡಿನುದ್ದಕ್ಕೂ ಕ್ಯುಪಿಡ್ ಬಂದಲ್ಲೆಲ್ಲ ಮನ್ಮಥನೆಂದೇ ಬರೆದೆ.

ಕರಡನ್ನು ತಿದ್ದಿದ ಹಿರಿಯ ಸಂಪಾದಕರು ದೀಪದ ಪ್ರಸಂಗದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದಿದ್ದರು: "ಅನಂಗನಿಗೆ ಭುಜವೆಲ್ಲಿಂದ ಬಂತು?"

ಕತ್ತಲಲ್ಲಷ್ಟೇ ಬಂದು ಹೋಗುವ, ತನ್ನ ಮುಖ ನೋಡಕೂಡದೆಂದು ಕಟ್ಟಪ್ಪಣೆ ಮಾಡಿದ ಗಂಡನನ್ನು ಅಕ್ಕಂದಿರ ಮಾತು ಕೇಳಿ ಘೋರ ಸರ್ಪವೆಂದು ನಂಬಿದ ಸೈಕಿ, ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಕ್ಷೌರದ ಕತ್ತಿ ಹಿಡಿದು ಹಾಸಿಗೆಯ ಬಳಿ ಬರುತ್ತಾಳೆ. ಮಲಗಿದ್ದವನು ಸಾಕ್ಷಾತ್ ಪ್ರೇಮದೇವತೆ. ಅವಳು ನೋಡುತ್ತ ನಿಂತಿರುವಾಗ ದೀಪದಿಂದ ಕಾದ ಎಣ್ಣೆಯ ಹನಿಯೊಂದು ಅವನ ಬಲಭುಜದ ಮೇಲೆ ಬೀಳುತ್ತದೆ. ಅವನು ಎಚ್ಚೆತ್ತು, ಮಾತಿಲ್ಲದೆ ಹಾರಿಹೋಗುತ್ತಾನೆ. ಇಡೀ ಕತೆ ತಿರುಗುವುದು ಆ ಹನಿಯ ಮೇಲೆ. ನಮ್ಮ ಮನ್ಮಥನೂ ಸುಟ್ಟವನೇ, ಆದರೆ ಶಿವನ ಹಣೆಗಣ್ಣಿಗೆ ದೇಹವನ್ನೇ ತೆತ್ತು ಅನಂಗ, ಅಂದರೆ ಅಂಗವಿಲ್ಲದವನು, ಎನಿಸಿಕೊಂಡವನು. ಮೇಲಾಗಿ ಮನ್ಮಥನೆಂದೊಡನೆ ನಮ್ಮ ಓದುಗರ ಮನಸ್ಸಿಗೆ ರತಿ ಬಂದೇ ಬರುತ್ತಾಳೆ. ಗಂಡನಿಗಾಗಿ ಪಾತಾಳಕ್ಕೂ ಇಳಿದುಹೋದ ಮನುಷ್ಯಹೆಣ್ಣನ್ನು ನಾನು ಒಂದು ಹೆಸರಿನಿಂದ ಸವತಿಯನ್ನಾಗಿ ಮಾಡಿಬಿಟ್ಟಿದ್ದೆ. ಅದನ್ನು ನೆನೆದರೆ ಇಂದಿಗೂ ಮನಸ್ಸು ನೋಯುತ್ತದೆ.

ಇಷ್ಟಾದ ಮೇಲೆ ಪರಿಚಿತ ಪದಗಳನ್ನೆಲ್ಲ ತೆಗೆದುಹಾಕಬೇಕೆಂದು ಹೊರಟೆ, ಅದೂ ತಪ್ಪಾಯಿತು. ಅತ್ತೆ ವೀನಸ್ ಒಡ್ಡುವ ಮೊದಲ ಪರೀಕ್ಷೆಯಲ್ಲಿ ಗೋಧಿ, ಗಸಗಸೆ, ಕಡಲೆ ಮೊದಲಾದವುಗಳ ರಾಶಿಯನ್ನು ಸೈಕಿ ಸಂಜೆಯೊಳಗೆ ಬೇರ್ಪಡಿಸಬೇಕು. ಕನಿಕರಗೊಂಡ ಇರುವೆಗಳು ಅವಳ ಪರವಾಗಿ ಆರಿಸಿಕೊಡುತ್ತವೆ. ಅಲ್ಲಿ ಮೊದಲು 'ರಾಗಿ' ಎಂದು ಬರೆದಿದ್ದವನು, ಈಗ ಅದನ್ನು ಹೊಡೆದುಹಾಕಿ 'ಒಂದು ಬಗೆಯ ವಿದೇಶಿ ಧಾನ್ಯ' ಎಂದು ಮಾಡಿದೆ. ಸಂಪಾದಕರು ಎರಡನ್ನೂ ಒಪ್ಪದೆ 'ಬರಗು' ಎಂದು ತಿದ್ದಿದರು. ಲ್ಯಾಟಿನ್ನಿನ 'ಮಿಲಿಯಂ' ನಮ್ಮ ಹೊಲಗಳಲ್ಲಿ ಬೆಳೆಯುವ ಬರಗೇ.

ಕೊನೆಯ ಪುಟದಲ್ಲಿ ದೇವತೆಗಳ ರಾಜ ಜುಪಿಟರ್ ಸೈಕಿಗೆ ಬಟ್ಟಲು ನೀಡಿ ಅವಳನ್ನು ಸಾವಿಲ್ಲದವಳನ್ನಾಗಿ ಮಾಡುತ್ತಾನೆ. ಅಂಜಿಕೆಯಿಂದ ನಾನು 'ಅಂಬ್ರೋಸಿಯಾ' ಎಂದೇ ಉಳಿಸಿದ್ದೆ. ಸಂಪಾದಕರು ನನ್ನನ್ನು ಕರೆದು ಕೂರಿಸಿಕೊಂಡು, ಆ ಗ್ರೀಕ್ ಪದವೂ ಸಂಸ್ಕೃತದ 'ಅಮೃತ'ವೂ ಒಂದೇ ಮೂಲದಿಂದ ಕವಲೊಡೆದವೆಂದು ವಿವರಿಸಿದರು. ಮುದ್ರಣಕ್ಕೆ ಹೋದ ಪ್ರತಿಯಲ್ಲಿ ಕ್ಯುಪಿಡ್ ಕ್ಯುಪಿಡ್‌ನಾಗಿಯೇ ಉಳಿದ. ಸೈಕಿ ಕುಡಿದದ್ದು ಅಮೃತವನ್ನು.