ಕುಮಾರ ಪರ್ವತಕ್ಕೆ ಹೊರಟವರು ಮೊದಲು ಕಾಲಿನ ಉಗುರು ಕತ್ತರಿಸಿಕೊಳ್ಳಿ

ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಈಗಲೂ ಅರ್ಧವೇ ಬಂದಿದೆ. ಕುಮಾರ ಪರ್ವತ ಹತ್ತಿ ಇಳಿದು ನಾಲ್ಕು ತಿಂಗಳಾಯಿತು. ಇಳಿದ ಮಾರನೇ ದಿನ ಉಗುರು ಕಪ್ಪಾಯಿತು, ಮೂರು ವಾರ ಕಳೆದ ಮೇಲೆ ಒಂದು ದಿನ ಸಾಕ್ಸ್ ಜೊತೆಗೇ ಕಳಚಿ ಬಂತು. ಹತ್ತುವಾಗ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಇಳಿಯುವಾಗ. ಹೋಗುವ ಮುಂಚೆ ಹತ್ತಾರು ಜನರನ್ನು ಕೇಳಿದ್ದೆ. ಎಲ್ಲರೂ ನೀರು ಎಷ್ಟು ಒಯ್ಯಬೇಕು, ಟಾರ್ಚ್ ಯಾವುದು ಒಳ್ಳೆಯದು ಅಂತ ಹೇಳಿದರೇ ಹೊರತು ಒಬ್ಬರೂ ಉಗುರಿನ ವಿಷಯ ಎತ್ತಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನನಗೆ ಜನಜಂಗುಳಿ ಅಂದರೆ ಆಗುವುದಿಲ್ಲ. ಬೆಟ್ಟದ ಮೇಲೆ ಯಾರಾದರೂ ಸ್ಪೀಕರ್‌ನಲ್ಲಿ ಹಾಡು ಹಾಕಿದರೆ ಅಲ್ಲಿಂದಲೇ ವಾಪಸ್ ಇಳಿದುಬಿಡೋಣ ಅನಿಸುತ್ತದೆ. ಜಿಗಣೆ, ಮಳೆ, ಒದ್ದೆ ಬಟ್ಟೆ ಇವೆಲ್ಲ ಪರವಾಗಿಲ್ಲ. ನೀವು ಇದಕ್ಕೆ ಉಲ್ಟಾ ಆಗಿದ್ದರೆ ನಾನು ಹೇಳುವುದನ್ನೂ ಉಲ್ಟಾ ಮಾಡಿ ಓದಿಕೊಳ್ಳಿ.

ಬೆಟ್ಟದ ಬುಡದ ಕುಕ್ಕೆಗೆ ಬಸ್ಸಿನಲ್ಲಿ ಹೋದೆವು, ನಾನು ಮತ್ತು ನನ್ನ ಭಾವಮೈದ. ಕೊನೇ ಸಾಲಿನ ಸೀಟು. ಘಾಟಿಯ ತಿರುವುಗಳಲ್ಲಿ ರಾತ್ರಿಯೆಲ್ಲ ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುತ್ತಾ ಹೋದೆವು, ಅಷ್ಟೇ. ಅದಕ್ಕಿಂತ ದೊಡ್ಡ ಕಥೆ ರೂಮಿನದು.

ಇಳಿದಾಗ ರಾತ್ರಿ ಎರಡೂವರೆ. ಮೂರು ಗಂಟೆ ಬೆನ್ನು ಚಾಚಿ, ಮುಖ ತೊಳೆದು ಹೊರಡೋಣ ಅಂತ ಲೆಕ್ಕ. ಮೊದಲ ಮೂರು ಲಾಡ್ಜ್ ಫುಲ್. ನಾಲ್ಕನೆಯದರಲ್ಲಿ ಕೌಂಟರಿನ ಹುಡುಗ ಕಣ್ಣುಜ್ಜಿಕೊಳ್ಳುತ್ತಾ 2,400 ಅಂದ. ಬರೀ ಮೂರು ಗಂಟೆ ಮಲಗೋದಕ್ಕೆ! ಯಾಕಪ್ಪಾ ಅಂದರೆ, 'ನಾಳೆ ಆಶ್ಲೇಷ ಅಲ್ವಾ ಸರ್, ಇವತ್ತು ಎಲ್ಲ ಕಡೆ ಇದೇ ರೇಟು' ಅಂದ. ಕೊಟ್ಟೆವು, ಬೇರೆ ದಾರಿ ಇರಲಿಲ್ಲ. ರೂಮಿನ ಕಿಟಕಿ ತೆರೆದರೆ ಒಂದು ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಬಚ್ಚಲಿನ ಬಕೆಟ್ಟಿಗೆ ಹಿಡಿ ಇಲ್ಲ, ಬದಲಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರು. ಹಾಸಿಗೆಯ ಮೇಲೆ ಯಾರೋ ಬಿಟ್ಟುಹೋದ ಕುಂಕುಮದ ಪೊಟ್ಟಣ. ಮೂರೂವರೆಗೆ ಇಡೀ ಕಟ್ಟಡ ಎದ್ದಿತು. ಪೂಜೆಗೆ ಬಂದವರು ಸ್ನಾನಕ್ಕೆ ಹೊರಟರು, ನೀರಿನ ಮೋಟಾರು ನಮ್ಮ ತಲೆದಿಂಬಿನ ಹಿಂದೆಯೇ ಗುಂಯ್‌ಗುಟ್ಟತೊಡಗಿತು. ನಿದ್ದೆ ಮಾಡಿದ್ದು ಇಪ್ಪತ್ತು ನಿಮಿಷ ಇರಬಹುದು.

ತಪ್ಪು ನಮ್ಮದೂ ಇದೆ. ಕುಕ್ಕೆ ಮೊದಲು ಕ್ಷೇತ್ರ, ಆಮೇಲೆ ಚಾರಣದ ಊರು. ಆಶ್ಲೇಷ ಬಲಿಗೆ, ಸರ್ಪ ಸಂಸ್ಕಾರಕ್ಕೆ ದೂರದೂರದಿಂದ ಬರುತ್ತಾರೆ. ಆಶ್ಲೇಷ ನಕ್ಷತ್ರ ಸುಮಾರು 27 ದಿನಕ್ಕೊಮ್ಮೆ ಬರುತ್ತದೆ, ಆ ದಿನ ಊರು ತುಂಬಿರುತ್ತದೆ. ಚಂಪಾ ಷಷ್ಠಿಯ ಜಾತ್ರೆ ಸಮಯವಂತೂ ಕೇಳಲೇಬೇಡಿ. ಚಾರಣಕ್ಕೆ ದಿನ ಗೊತ್ತು ಮಾಡುವಾಗ ಹವಾಮಾನ ನೋಡುತ್ತೀರಲ್ಲ, ಹಾಗೇ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ನಕ್ಷತ್ರವನ್ನೂ ನೋಡಿ. ಇಷ್ಟು ವರ್ಷ ಚಾರಣ ಮಾಡಿದ ಮೇಲೆ ಪಂಚಾಂಗ ನೋಡುವುದನ್ನು ಕಲಿತಿದ್ದು ಒಂದು ಲಾಡ್ಜ್ ಹುಡುಗನಿಂದ.

ಅನುಮತಿ ಇಲ್ಲದೆ ಹೋಗಬೇಡಿ. 2024ರ ಜನವರಿಯಲ್ಲಿ ಈ ಬೆಟ್ಟದಲ್ಲಿ ಜನ ಜಾತ್ರೆಯ ಹಾಗೆ ನಿಂತಿದ್ದ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ತಾತ್ಕಾಲಿಕವಾಗಿ ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್‌ನಲ್ಲೇ ಟಿಕೆಟ್ ಮಾಡಿಸಬೇಕು. ಇದಕ್ಕೆ ಬೈಯುವವರು ತುಂಬಾ ಜನ ಇದ್ದಾರೆ. ನನಗಂತೂ ಖುಷಿ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ. ನಾವು ಹೋಗಿದ್ದು ನವೆಂಬರಿನ ಒಂದು ಬುಧವಾರ. ವಾರದ ನಡುವೆ ಹೋಗಿ, ರಜೆ ಹಾಕಿಯಾದರೂ ಹೋಗಿ.

ಈಗ ಬೆಟ್ಟದ ವಿಷಯ. ಎತ್ತರ 1,712 ಮೀಟರ್. ಈ ಅಂಕಿ ನೋಡಿ ನಾನು ಮೋಸ ಹೋದೆ. ಕುದುರೆಮುಖ 1,894 ಮೀಟರ್, ಅದನ್ನೇ ಹತ್ತಿದ್ದೇನೆ, ಇದೇನು ಮಹಾ ಅಂದುಕೊಂಡಿದ್ದೆ. ಬೆಟ್ಟ ಎಷ್ಟು ಎತ್ತರ ಅನ್ನುವುದಕ್ಕಿಂತ ನೀವು ಎಲ್ಲಿಂದ ಹತ್ತಲು ಶುರು ಮಾಡುತ್ತೀರಿ ಅನ್ನುವುದನ್ನು ನೋಡಬೇಕು. ಕುದುರೆಮುಖಕ್ಕೆ ಹೊರಡುವ ಮುಳ್ಳೋಡಿಯೇ ಬೆಟ್ಟದ ನಡುವೆ ಇದೆ. ಕುಕ್ಕೆ ಹಾಗಲ್ಲ, ಘಟ್ಟದ ಕೆಳಗಿನ ಊರು. ಅಲ್ಲಿಂದ ತುದಿಗೆ ಒಂದೂವರೆ ಸಾವಿರ ಮೀಟರಿಗಿಂತ ಜಾಸ್ತಿ ನಿಮ್ಮ ಮಂಡಿಯೇ ಎತ್ತಬೇಕು. ಹೋಗಲು ಸುಮಾರು 13 ಕಿಲೋಮೀಟರ್, ಬರಲು ಅಷ್ಟೇ.

ಮೊದಲ ಭಾಗ ದಟ್ಟ ಕಾಡು. ಬೇರುಗಳೇ ಮೆಟ್ಟಿಲು. ಬೆಳಗಿನ ಜಾವ ಆರು ಗಂಟೆಗೇ ಬೆವರು ಹುಬ್ಬಿನಿಂದ ಇಳಿಯುತ್ತದೆ, ಯಾಕೆಂದರೆ ಗಾಳಿಯೇ ಆಡುವುದಿಲ್ಲ. ಜಿಗಣೆಗಳು ಇದ್ದವು, ಆದರೆ ಹೆದರುವಷ್ಟಲ್ಲ. ಒಂದು ಮಾತ್ರ ಶೂ ಲೇಸಿನ ತೂತಿನಲ್ಲಿ ತಲೆ ತೂರಿಸಿ, ಹಿಂದಿನ ಅರ್ಧವನ್ನು ಹೊರಗೆ ಬಿಟ್ಟುಕೊಂಡು ಸಿಕ್ಕಿಹಾಕಿಕೊಂಡಿತ್ತು. ಹೊಗೆಸೊಪ್ಪಿನ ಪುಡಿ ಮತ್ತು ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಒದ್ದೆ ಮಾಡಿ ಸಾಕ್ಸ್ ಮೇಲೆ ಒತ್ತುತ್ತಾ ಹೋದರೆ ಸಾಕು.

ಕಾಡು ಮುಗಿದು ಬಯಲು ಕಾಣುವ ಹೊತ್ತಿಗೆ ಗಿರಿಗದ್ದೆ, ಅಂದರೆ ಭಟ್ಟರ ಮನೆ. ಈ ಇಡೀ ದಾರಿ ನನಗೆ ಇಷ್ಟು ಪ್ರೀತಿಯಾಗಲು ಅರ್ಧ ಕಾರಣ ಈ ಮನೆ. ಬೆಟ್ಟದ ನಡುವೆ ಅಡಿಕೆ ತೋಟ, ತೋಟದ ಪಕ್ಕ ಹೆಂಚಿನ ಮನೆ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಒಬ್ಬರು ಕೇಳಿದರು, 'ಊಟ ಈಗ ಮಾಡುದಾ, ಇಳಿದು ಬಂದ ಮೇಲೆ ಮಾಡುದಾ?' ಬೆಳಿಗ್ಗೆ ಎಂಟೂವರೆ! ಬಂದ ಮೇಲೆ ಅಂತ ಹೇಳಿ ಕಾಫಿ ಕುಡಿದು ಹೊರಟೆವು. ಮಧ್ಯಾಹ್ನ ಮೂರೂವರೆಗೆ ವಾಪಸ್ ಬಂದಾಗ ಅನ್ನ ಇನ್ನೂ ಬಿಸಿಯಾಗಿತ್ತು. ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಇಷ್ಟೇ. ಸಾಂಬಾರಿನಲ್ಲಿ ಸೌತೆಕಾಯಿ ಇತ್ತು, ಹೋಳು ಬೆರಳಿನಲ್ಲಿ ಒತ್ತಿದರೆ ಕರಗುತ್ತಿತ್ತು. ಮಜ್ಜಿಗೆ ನೀರಾಗಿತ್ತು, ಉಪ್ಪು ಒಂದು ಕಲ್ಲು ಜಾಸ್ತಿಯೇ ಇತ್ತು. ಅಷ್ಟು ಬೆವರು ಹರಿಸಿದ ಮೈಗೆ ಬೇಕಾಗಿದ್ದೂ ಅದೇ. ಭಾವಮೈದ ಅನ್ನದ ಗುಡ್ಡೆಯ ನಡುವೆ ಗುಳಿ ಮಾಡಿ ಕಾಯುತ್ತಿದ್ದ, ಬಡಿಸುವವರು ಬಕೆಟ್ಟಿನಿಂದ ನೇರ ಆ ಗುಳಿಗೇ ಸುರಿದರು. 'ಸಾಕು' ಅಂದರೂ 'ಇನ್ನೂ ಇಳಿಲಿಕ್ಕೆ ಉಂಟಲ್ಲ ಮಾರ್ರೆ' ಅಂತ ಇನ್ನೊಂದು ಸೌಟು. ನಾಲ್ಕು ಸಲ ಮಜ್ಜಿಗೆ ಹಾಕಿಸಿಕೊಂಡೆ. ಇಬ್ಬರ ಊಟದ ದುಡ್ಡನ್ನು ಆ ಲಾಡ್ಜಿನ ಬಾಡಿಗೆಯ ಪಕ್ಕ ಇಟ್ಟು ನೋಡಿದರೆ ನಗು ಬರುತ್ತದೆ. ನಿಮ್ಮ ತಟ್ಟೆ ನೀವೇ ತೊಳೆದಿಡಿ, ಮತ್ತು ಹತ್ತುವಾಗಲೇ ಎಷ್ಟು ಜನ ಅಂತ ಹೇಳಿ ಹೋಗಿ.

ಹತ್ತಿರದಲ್ಲೇ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ನೋಡುತ್ತಾರೆ. ಬಿಸ್ಕತ್ತು, ಚಿಕ್ಕಿಯನ್ನೆಲ್ಲ ಮೊದಲೇ ಡಬ್ಬಿಗೆ ಹಾಕಿಕೊಂಡು ಬಂದರೆ ಅಲ್ಲಿ ಹೊತ್ತು ಹೋಗುವುದಿಲ್ಲ.

ಅಲ್ಲಿಂದ ಮೇಲೆ ನೆರಳಿಲ್ಲ. ಬರೀ ಹುಲ್ಲು, ಬಿಸಿಲು, ಗಾಳಿ. ಕಲ್ಲು ಮಂಟಪದಲ್ಲಿ ಸ್ವಲ್ಪ ಕೂತುಕೊಳ್ಳಬಹುದು. ನಾವು ಹೋದಾಗ ಹತ್ತಿರದ ಒರತೆಯಲ್ಲಿ ನೀರಿತ್ತು, ಜನವರಿ ದಾಟಿದ ಮೇಲೆ ಹೋಗುವವರು ಅದನ್ನು ನಂಬಿಕೊಳ್ಳಬೇಡಿ. ಆಮೇಲೆ ಶೇಷ ಪರ್ವತ. ಇಲ್ಲಿ ಎಲ್ಲರೂ ಒಂದು ಸಲ ಬೇಸ್ತು ಬೀಳುತ್ತಾರೆ. ಏದುಸಿರು ಬಿಡುತ್ತಾ ತುದಿ ಮುಟ್ಟಿದೆ ಅಂತ ಕೈ ಎತ್ತಿದರೆ, ಎದುರಿಗೆ ಇನ್ನೊಂದು ಬೆಟ್ಟ. ಅದೇ ಕುಮಾರ ಪರ್ವತ. ನಡುವೆ ಒಂದು ತಗ್ಗು. ಕಷ್ಟಪಟ್ಟು ಗಳಿಸಿದ ಎತ್ತರವನ್ನೆಲ್ಲ ಕಳೆದುಕೊಂಡು ಕಾಡಿನೊಳಗೆ ಇಳಿದು ಮತ್ತೆ ಬಂಡೆ ಹತ್ತಬೇಕು. ನಾವು ನೋಡುತ್ತಿದ್ದ ಹಾಗೇ ಐದು ಜನರ ಒಂದು ಗುಂಪು ಅಲ್ಲಿಂದಲೇ ವಾಪಸ್ ಹೋಯಿತು.

ನೀವು ಹಾಗೆ ಮಾಡಬೇಡಿ. ಆ ತಗ್ಗಿನ ಕಾಡೇ ಈ ದಾರಿಯ ಸೊಗಸು. ಕುಳ್ಳ ಕುಳ್ಳ ಮರಗಳು, ಕೊಂಬೆಗಳಿಗೆಲ್ಲ ಹಸಿ ಪಾಚಿ. ಎರಡು ಗಂಟೆ ಬಿಸಿಲಿನಲ್ಲಿ ಬೆಂದವರಿಗೆ ಯಾರೋ ಒದ್ದೆ ಟವೆಲ್ ಹೊದಿಸಿದ ಹಾಗಿತ್ತು. ಮಾತಾಡುತ್ತಾ ಬರುತ್ತಿದ್ದ ನಾವಿಬ್ಬರೂ ತಾನಾಗೇ ಸುಮ್ಮನಾದೆವು. ತುದಿಯಲ್ಲಿ ಏನು ಕಂಡಿತು ಅಂತ ಕೇಳಿದರೆ, ಏನೂ ಇಲ್ಲ. ಪೂರ್ತಿ ಮೋಡ. ಸಣ್ಣ ಗುಡಿ, ಯಾರೋ ಪೇರಿಸಿಟ್ಟ ಕಲ್ಲುಗಳು, ಮೂರು ಮಾರು ಆಚೆ ಬರೀ ಬಿಳಿ. ಹದಿನೈದು ನಿಮಿಷ ಕೂತು ಎದ್ದೆವು.

ಇನ್ನು ಇಳಿಯುವುದು. ಮೂರು ಗಂಟೆ ಇಳಿದ ಮೇಲೆ ಮಂಡಿ ಬೇಡ ಅನ್ನುತ್ತದೆ. ಹೆಜ್ಜೆ ಹೆಜ್ಜೆಗೂ ಬೆರಳು ಶೂ ಮೂತಿಗೆ ಗುದ್ದುತ್ತದೆ. ಭಟ್ಟರ ಮನೆಯ ಕೆಳಗಿನ ಕಾಡಿನಲ್ಲಿ ನಾನು ಕೆಲವು ಕಡೆ ಹಿಂದುಹಿಂದಾಗಿ ಇಳಿದೆ, ನಾಚಿಕೆ ಪಟ್ಟುಕೊಳ್ಳಲಿಲ್ಲ. ಹೊರಡುವ ಎರಡು ದಿನ ಮುಂಚೆ ಉಗುರು ಕತ್ತರಿಸಿ, ಹಿಂದಿನ ರಾತ್ರಿ ಬೇಡ, ಚರ್ಮ ಉರಿಯುತ್ತದೆ. ಶೂ ಅರ್ಧ ನಂಬರ್ ದೊಡ್ಡದಿರಲಿ. ಇಳಿಯುವ ಮುಂಚೆ ಲೇಸನ್ನು ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿ, ಆಗ ಪಾದ ಮುಂದೆ ಜಾರುವುದಿಲ್ಲ. ಮತ್ತೆ ಒಂದು ಕೋಲು. ಹತ್ತುವಾಗ ಅದನ್ನು ಬೈದುಕೊಂಡು ಹೊತ್ತರೂ ಇಳಿಯುವಾಗ ಕೈ ಮುಗಿಯುತ್ತೀರಿ.

ಮೊದಲ ಸಲ ಬೆಟ್ಟ ಹತ್ತುವವರಿಗೆ ಇದನ್ನು ಹೇಳುವುದಿಲ್ಲ. ಅವರಿಗೆ ಕೊಡಗಿನ ತಡಿಯಂಡಮೋಳ್ ವಾಸಿ. 1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು, ಆದರೂ ಮಕ್ಕಳೂ ಹತ್ತುತ್ತಾರೆ. ಕೊನೆಯ ಒಂದು ಏರು ಮಾತ್ರ ಕಡಿದು. ಕೆಳಗೆ ಕಕ್ಕಬ್ಬೆ ಹತ್ತಿರ ನಾಲ್ಕುನಾಡು ಅರಮನೆ ಇದೆ, ಅದನ್ನು ನೋಡದೆ ಬರಬೇಡಿ. ನೀರು ಇಷ್ಟಪಡುವವರು ಕುದುರೆಮುಖಕ್ಕೆ ಹೋಗಿ, ದಾರಿಯುದ್ದಕ್ಕೂ ಹಳ್ಳಗಳು ಅಡ್ಡ ಬರುತ್ತವೆ. ಕೊಡಚಾದ್ರಿಗೆ ಜೀಪಿನಲ್ಲಿ ಹೋಗಬೇಡಿ. ನಾನು ಒಮ್ಮೆ ಹೋಗಿದ್ದೆ. ಆ ರಸ್ತೆಯಲ್ಲಿ ತಲೆ ನಾಲ್ಕು ಸಲ ಮೇಲಿನ ಕಂಬಿಗೆ ಬಡಿಯಿತು. ಮೇಲೆ ಹೋದರೆ ಸೂರ್ಯಾಸ್ತ ನೋಡಲು ಸರ್ವಜ್ಞ ಪೀಠದ ಸುತ್ತ ಸಂತೆ. ಹಿಡ್ಲುಮನೆ ಜಲಪಾತದ ದಾರಿಯಲ್ಲಿ ನಡೆದು ಹತ್ತಿದಾಗ ಅದೇ ಬೆಟ್ಟ ಬೇರೆಯೇ ಆಗಿ ಕಂಡಿತು.

ಕುಮಾರ ಪರ್ವತಕ್ಕೆ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದಲೂ ದಾರಿ ಇದೆ, ದೂರ ಕಡಿಮೆ, ಜಿಗಣೆ ಜಾಸ್ತಿ ಅಂತಾರೆ. ಉಗುರು ಪೂರ್ತಿ ಬಂದ ಮೇಲೆ ಅಲ್ಲಿಗೆ.

ವಾಪಸ್ ಬರುವಾಗ ಬಸ್ಸಿನ ಸಹವಾಸ ಬೇಡ ಅಂತ ಮಾರನೇ ದಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಹಗಲಿನ ರೈಲು ಹಿಡಿದೆವು. ಸಕಲೇಶಪುರದವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಕಿಟಕಿ ಪಕ್ಕದ ಸೀಟಿಗಾಗಿ ಭಾವಮೈದನ ಜೊತೆ ಜಗಳವಾಡಿ ಕೂತೆ. ಎರಡು ಸುರಂಗ ನೋಡಿದ್ದು ನೆನಪಿದೆ. ಕಣ್ಣು ಬಿಟ್ಟಾಗ ಸಕಲೇಶಪುರ ಬಂದಿತ್ತು.